ಕಣ್ಣಿನ ಉಗುರು

ಉರ್ದುವಿನಲ್ಲಿ ಅದನ್ನು ನಾಖೂನಾ ಎನ್ನುತ್ತಾರೆ. ನಾಖೂನ್ ಎಂದರೆ ಉಗುರು. ಅರಬಿ ವೈದ್ಯರೂ ಅದನ್ನು ಉಗುರೆಂದೇ ಕಂಡು ಜಫರಾ ಎಂದರು. ಗ್ರೀಕರಿಗೆ ಅದು ರೆಕ್ಕೆ. ಹಾಗಾಗಿ ಇಂದಿನ ಡಾಕ್ಟರರ ಬಾಯಲ್ಲಿ ಟೆರಿಜಿಯಂ. ಸುಶ್ರುತ ಸಂಹಿತೆಯಲ್ಲಿ ಅರ್ಮ. ಎರಡು ಭಾಷೆಗಳಲ್ಲಿ ಓದಿದ ನಮಗೆ ಇಂಥ ಹೆಸರುಗಳ ಮೇಲೆ ಮೋಹ ಹೆಚ್ಚು. ಆದರೆ ನಮ್ಮ ಮಾಮುವಿನ ಬಲಗಣ್ಣಿನಲ್ಲಿ, ಮೂಗಿನ ಕಡೆಯಿಂದ, ಆ ಪೊರೆ ಕರಿಗುಡ್ಡೆಯ ಮೇಲೆ ಹಬ್ಬಿದಾಗ ಹೆಸರಿನ ಚೆಂದ ಉಳಿಯಲಿಲ್ಲ. ಮೂವತ್ತು ವರ್ಷ ರಾಯಚೂರಿನ ಬಿಸಿಲು, ದೂಳಿನಲ್ಲಿ ಗೌಂಡಿ ಕೆಲಸ ಮಾಡಿದ ಕಣ್ಣು ಅದು. ಗೋಡೆ ನೆಟ್ಟಗಿದೆಯೇ ಎಂದು ಗುಂಡು ಇಳಿಬಿಟ್ಟರೆ ದಾರ ಎರಡಾಗಿ ಕಾಣುತ್ತಿತ್ತು.

ಪೊರೆಯನ್ನು ಕತ್ತರಿಸಿ ತೆಗೆಯುವುದು ಹಳೆಯ ವಿದ್ಯೆ. ಬರಿದಾಗಿ ಬಿಟ್ಟ ಜಾಗದಲ್ಲಿ ಅದು ಮತ್ತೆ ಮತ್ತೆ ಬೆಳೆಯುತ್ತಿತ್ತು. 1985ರಲ್ಲಿ ಅಮೆರಿಕದ ಕೆನ್ಯನ್ ಮತ್ತು ಸಂಗಡಿಗರು, ಅದೇ ಕಣ್ಣಿನ ಮೇಲ್ಭಾಗದಿಂದ ತೆಳುಪೊರೆಯ ತುಂಡೊಂದನ್ನು ತೆಗೆದು ಆ ಜಾಗಕ್ಕೆ ತೇಪೆ ಹಾಕಿದ ಫಲಿತಾಂಶ ಪ್ರಕಟಿಸಿದರು. ಮರುಕಳಿಸುವುದು ಬಹಳ ಕಡಿಮೆಯಾಯಿತು. ಉಳಿದ ಪ್ರಶ್ನೆ ಒಂದೇ: ತೇಪೆಯನ್ನು ಹಿಡಿದು ನಿಲ್ಲಿಸುವುದು ಹೇಗೆ?

ಆಸ್ಪತ್ರೆಯ ಡಾಕ್ಟರು ನಮಗೆ ಮೂರು ದಾರಿ ಹೇಳಿದರು. ಒಂದು, ಹೊಲಿಗೆ. ಗಟ್ಟಿ, ಅಗ್ಗ, ಆದರೆ ಸಮಯ ಹಿಡಿಯುತ್ತದೆ, ಕೆಲವು ದಿನ ಕಣ್ಣು ಚುಚ್ಚುತ್ತದೆ. ಎರಡು, ಫೈಬ್ರಿನ್ ಅಂಟು. 2004ರಲ್ಲಿ ಸ್ವೀಡನ್ನಿನ ವೈದ್ಯರು 'ಕತ್ತರಿಸು, ಅಂಟಿಸು' ಎಂದು ಹೆಸರಿಟ್ಟು ವರದಿ ಮಾಡಿದ ವಿಧಾನ. ನೋವು ಕಡಿಮೆ, ಕೆಲಸ ಬೇಗ. 2016ರ ಕಾಕ್ರೇನ್ ಸಮೀಕ್ಷೆಯ ಪ್ರಕಾರ ಹೊಲಿಗೆಗಿಂತ ಅಂಟಿನಲ್ಲಿ ಮರುಕಳಿಕೆ ಕಡಿಮೆಯಿರಬಹುದು. ಆದರೆ ತೇಪೆಯ ಅಂಚು ಬಿಡುವಂಥ ತೊಂದರೆಗಳು ಹೆಚ್ಚಿರಬಹುದು. ಬೆಲೆಯೂ ಹೆಚ್ಚು. ಮೂರು, ರೋಗಿಯ ಸ್ವಂತ ರಕ್ತ. ಕತ್ತರಿಸಿದ ಜಾಗದಲ್ಲಿ ಜಿನುಗುವ ರಕ್ತದ ಮೇಲೆಯೇ ತೇಪೆ ಇಟ್ಟು ಕೆಲವು ನಿಮಿಷ ಒತ್ತಿ ಹಿಡಿದರೆ ಅದು ಹೆಪ್ಪುಗಟ್ಟಿ ಅಂಟಿಕೊಳ್ಳುತ್ತದೆ. ಖರ್ಚಿಲ್ಲ, ಜಾರುವ ಭಯ ಮಾತ್ರ ಉಳಿದೆರಡಕ್ಕಿಂತ ಹೆಚ್ಚು.

ಅಂಟು ಮನುಷ್ಯರ ರಕ್ತದ್ರವದಿಂದ ತಯಾರಾಗುತ್ತದೆ ಎಂದು ತಿಳಿದ ಮಾಮು, "ಮಂದಿ ರಕ್ತ ನನ್ನ ಕಣ್ಣಿಗ್ಯಾಕ್ರೀ ಡಾಕ್ಟ್ರೇ? ನಂದಽ ಹಾಕ್ರಿ" ಎಂದರು. ನಮಗೂ ಅದೇ ಸರಿ ಎನಿಸಿತ್ತು. ಡಾಕ್ಟರು ನಕ್ಕು, "ಒಂದು ವಾರ ಕಣ್ಣು ಮುಟ್ಟದಂಗ ಇರ್ತೀರೇನ್ರಿ? ತ್ರಾಸಾದ್ರ ಅವತ್ತೇ ಇಲ್ಲಿಗೆ ಬರ್ತೀರೇನು?" ಎಂದು ಕೇಳಿದರು.

"ಊರು ದೂರ ಐತ್ರಿ. ಮತ್ತ ನಿದ್ದ್ಯಾಗ ಕೈ ನನ್ನ ಮಾತು ಕೇಳಂಗಿಲ್ಲ."

ಹೊಲಿಗೆಯೇ ಆಯಿತು, ತಾನಾಗಿ ಕರಗುವ ದಾರದಿಂದ. ಪುಸ್ತಕದಲ್ಲಿ ಯಾವ ವಿಧಾನ ಮೇಲು ಎನ್ನುವುದರ ಜೊತೆಗೆ ರೋಗಿಯ ಮನೆ ಎಷ್ಟು ದೂರ, ಎಷ್ಟು ದಿನದ ಕೂಲಿ ಬಿಡಬಲ್ಲ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮೂರು ರಾತ್ರಿ ಮಾಮು, ಕಣ್ಣಲ್ಲಿ ಮರಳು ಸೋಸಿದಂಗ ಆಗ್ತದ ಎಂದು ನರಳಿದರು. ನೀರು ತಾಗಬಾರದೆಂದು ವುಜೂ ಬದಲು ತಯಮ್ಮುಮ್ ಮಾಡಿಕೊಂಡರು. ತೇಪೆ ಕೂತಿತು.

ಆದರೆ ಹೊಲಿಗೆಯಾಗಲಿ, ಅಂಟಾಗಲಿ, ರಕ್ತವಾಗಲಿ ಹಿಡಿಯುವುದು ತೇಪೆಯನ್ನು, ಬಿಸಿಲನ್ನಲ್ಲ. ಈ ಪೊರೆಗೆ ಬಿಸಿಲಿನ ಅತಿನೇರಳೆ ಕಿರಣವೇ ದೊಡ್ಡ ಕಾರಣ. ಕಟ್ಟಡ ಕಟ್ಟಿಸುವ ಎಷ್ಟು ಮಾಲೀಕರು ಸಿಮೆಂಟು, ಕಬ್ಬಿಣದ ಪಟ್ಟಿಯಲ್ಲಿ ಕೆಲಸಗಾರರ ಕನ್ನಡಕ ಸೇರಿಸುತ್ತಾರೆ?

ಮಾಮು ಈಗ ಕಪ್ಪು ಕನ್ನಡಕ ಹಾಕಿ ಗೋಡೆ ಏರುತ್ತಾರೆ. ಹುಡುಗರು ಹೀರೋ ಎಂದು ಚುಡಾಯಿಸುತ್ತಾರಂತೆ. ಕಳೆದ ತಿಂಗಳ ಕೂಲಿಯಲ್ಲಿ ಅವರು ಇನ್ನೊಂದು ಕನ್ನಡಕ ಕೊಂಡರು, ಮಗನಿಗೆ. ಅವನಿಗೆ ಹತ್ತೊಂಬತ್ತು, ಗಾರೆ ಕಲಿಯಲು ಸೇರಿ ಎರಡು ವರ್ಷವಾಯಿತು.