ಹನ್ನೆರಡರ ಕೈಗೆ ಕೋವಿ

ಆಗಸ್ಟ್ 17

ಕೋವಿಪೂಜೆಯ ಹಬ್ಬ ಕೈಲ್‌ಪೊಳ್ದ್ ಹತ್ತಿರ ಬಂತು. ಊಟಕ್ಕೆ ಕೂತಾಗ ಮಾವ ಶುರು ಮಾಡಿದರು: "ಈ ಸಲ ಕುಞ್ಞಿ ತೆಂಗಿನಕಾಯಿಗೆ ಗುಂಡು ಹೊಡೀಲಿ." ಮಗಳ ತುತ್ತು ಕೈಯಲ್ಲೇ ನಿಂತಿತು.

"ಅವಳಿಗಿನ್ನೂ ಹನ್ನೆರಡು ಮಾವ" ಅಂದೆ.

"ನಾನು ಹತ್ತಕ್ಕೇ ಹೊಡೆದಿದ್ದೆ."

ಇದ್ದೀತು. ಕೊಡವರ ಕೋವಿಗೆ ಪರವಾನಗಿ ಬೇಡ. ಕೇಂದ್ರ 2019ರಲ್ಲಿ ಆ ವಿನಾಯಿತಿಯನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ. ಮಗುವಿಗೆ ಬುದ್ಧಿ ಬಂತೆಂದು ಆದೇಶ ಹೊರಡಿಸುವವರು ಯಾರು?

ಆಗಸ್ಟ್ 24

ಮಾವನ ಜೋಡುನಳಿಗೆ ಕೋವಿ ಮಡಚಿ, ಖಾಲಿ ಇದೆಯೆಂದು ನೋಡಿ, ಮಗಳಿಗೆ ಹಿಡಿಸಿದೆವು. ಹಿಡಿ ಅವಳ ತೋಳಿಗೆ ಉದ್ದ. ಭಾರಕ್ಕೆ ಹೊಟ್ಟೆ ಮುಂದೆ, ತಲೆ ಹಿಂದೆ. ಹೀಗೆ ನಿಂತವಳನ್ನು ಹನ್ನೆರಡು ಬೋರಿನ ಒದೆತ ಕೆಡವದೆ ಬಿಡುವುದಿಲ್ಲ.

ಭಾವನ ಏರ್ ರೈಫಲ್ ಕೊಟ್ಟೆವು. ಹತ್ತು ಮೀಟರ್ ದೂರಕ್ಕೆ ಸ್ಪರ್ಧೆಯ ಕಾಗದದ ಗುರಿ. ಪೆಲೆಟ್ ನಾಲ್ಕೂವರೆ ಮಿಲಿಮೀಟರ್, ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್! 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಅಳತೆಯ ಗುರಿಗೆ ಹೊಡೆದು ಅಂತ ಅವಳೇ ನನಗೆ ಪಾಠ ಹೇಳಿ, ಕಾಗದದ ಮೂಲೆಗೆ ಹೊಡೆದಳು. ನನ್ನ ಕಣ್ಣು ಅವಳ ತೋರುಬೆರಳ ಮೇಲಿತ್ತು. ಗುರಿ ಕೂಡುವವರೆಗೂ ಅದು ಟ್ರಿಗರಿನ ಹೊರಗೆ ನೆಟ್ಟಗೇ ಇತ್ತು. ನಡುವೆ ನಾಯಿ ನುಗ್ಗಿತು. ಯಾರೂ ಹೇಳದೆ ರೈಫಲ್ ಮೇಜಿನ ಮೇಲಿಟ್ಟು ಕೈ ಬಿಟ್ಟಳು.

ಆಗಸ್ಟ್ 31

ಕೋವಿಗಳಿಗೆ ಎಣ್ಣೆ ಹಾಕುತ್ತಿದ್ದೆವು. ಮಾತಿನ ಭರದಲ್ಲಿ ಮಾವನ ಕೋವಿ ನನ್ನತ್ತ ತಿರುಗಿತು.

"ಅಜ್ಜ, ನಳಿಗೆ ಅವ್ವನ ಕಡೆ ಇದೆ."

"ಖಾಲಿ ಮಗಳೇ."

"ಖಾಲಿಯಾದರೂ."

ಸೊಸೆಯಾಗಿ ಬಂದಾಗಿನಿಂದ ನನಗೆ ಬಾರದ ಮಾತು. ಗುರಿ ಹಿಡಿಯುವುದನ್ನು ಯಾವ ಮಗುವಾದರೂ ಕಲಿತೀತು. ದೊಡ್ಡವರ ಕೈ ತಪ್ಪಿದಾಗ ಅದರ ಬಾಯಿ ಕಟ್ಟಬಾರದು, ನಾನು ಕಾಯುತ್ತಿದ್ದದ್ದು ಇದಕ್ಕೇ ಇರಬೇಕು. ಮಾವ ಗೊಣಗಿದರು, ನಳಿಗೆ ಗೋಡೆಗೆ ತಿರುಗಿಸಿದರು.

ಸೆಪ್ಟೆಂಬರ್ 3

ಹಬ್ಬದ ದಿನ ನಳಿಗೆಗೆ ತೋಕ್‌ಪೂ ಹೂವು ಸಿಕ್ಕಿಸುವ ಮೊದಲು ಮಾವ ಕೋವಿ ಮಡಚಿ, ಸ್ವಲ್ಪ ಕೊಂಕಿನಲ್ಲೇ, "ಖಾಲಿ ತಾನೆ?" ಅಂದರು. ಅವಳು ಎರಡೂ ನಳಿಗೆಗೆ ಕಣ್ಣಿಟ್ಟು ನೋಡಿಯೇ "ಹೂಂ" ಅಂದಳು.

ಮಧ್ಯಾಹ್ನ ದೊಡ್ಡವರಿಗೆ ತೆಂಗಿನಕಾಯಿ, ಅವಳಿಗೆ ಏರ್ ರೈಫಲ್ ಮತ್ತು ಬಲೂನು. ಹನ್ನೆರಡು ಬೋರು ತೋಳು ಉದ್ದವಾದ ಮೇಲೆ ಅಂದೆ. ಪಂದಿಕರಿ, ಕಡಂಬುಟ್ಟಿನ ಮುಂದೆ ಮುಖ ಊದಿಸಿ ಕೂತಳು. ಕೂರಲಿ. ಅವಳ ಅಳತೆಯ ಇಯರ್ ಮಫ್ ಮಡಿಕೇರಿಯಲ್ಲಿ ಸಿಗಲಿಲ್ಲ. ಮೈಸೂರಿಗೆ ಹೋಗುವವರಿಗೆ ಹೇಳಬೇಕು.