ಸಾಕ್ಷಿಯ ಮೇಲೆ ಅಪವಾದ

ಹಿಂದವಾಡಿಯ ಮನೆಯಿಂದ ಖಾನಾಪುರಕ್ಕೆ ಹೊರಟಾಗಲೆಲ್ಲ ನಮ್ಮ ಕಾರಿನ ಎಂಜಿನ್ ದೀಪ ಹೊತ್ತಿಕೊಳ್ಳತೊಡಗಿತು. ಗ್ಯಾರೇಜಿನ ತಪಾಸಣಾ ಯಂತ್ರ ತೋರಿದ ಸಂಕೇತ ಪಿ 0016: ಕ್ರ್ಯಾಂಕ್‌ಶಾಫ್ಟ್ ಹಾಗೂ ಕ್ಯಾಮ್‌ಶಾಫ್ಟ್‌ಗಳ ಹೊಂದಾಣಿಕೆ ತಪ್ಪಿದೆ. ಮೊದಲನೆಯದು 2 ಸುತ್ತು ತಿರುಗುವಾಗ ಎರಡನೆಯದು 1 ಸುತ್ತು ತಿರುಗಿ, ವಾಲ್ವುಗಳನ್ನು ಸಕಾಲದಲ್ಲಿ ತೆರೆಯಬೇಕು. ಇವೆರಡನ್ನೂ ಕೂಡಿಸುವುದು ಟೈಮಿಂಗ್ ಚೈನು.

ಚೈನು ನೋಡೋಣವೆಂದು ಮಿಸ್ತ್ರಿ ಸೂಚಿಸಿದರೂ, ಎಂಜಿನ್ ಬಿಚ್ಚಿಸುವ ಖರ್ಚಿಗೆ ಅಂಜಿ, ಸೆನ್ಸರ್ ಬದಲಾಯಿಸಲು ನಾನೇ ಹಠ ಹಿಡಿದೆ. ಎರಡು ಬಾರಿ ಬದಲಾಯಿಸಿದರೂ ದೀಪ ಆರಲಿಲ್ಲ. ಆತ ಕಳಪೆ ಬಿಡಿಭಾಗ ಹಾಕಿ ಹಣ ಕೀಳುತ್ತಿದ್ದಾನೆಂದು ನೆರೆಹೊರೆಯವರೆದುರು ಆಡಿಬಿಟ್ಟೆ.

ಕಡೆಗೊಮ್ಮೆ ಮುಚ್ಚಳ ಬಿಚ್ಚಿ ಗುರುತುಗಳನ್ನು ಹೊಂದಿಸಿ ನೋಡಿದಾಗ, ಚೈನು ಸವೆದು ಸಡಿಲಾಗಿತ್ತು. ಒಳಗೆಲ್ಲ ಕಪ್ಪು ಜಿಡ್ಡು. “ಆಯಿಲ್ ಯಾವಾಗ ಬದ್ಲಿ ಮಾಡ್ಸೀರಿ, ಸರ?” ಎಂದಷ್ಟೇ ಆತ ಕೇಳಿದ. “ಮುಂದಿನ ತಿಂಗಳು” ಎನ್ನುತ್ತಲೇ ನಾನು ಎರಡು ವರ್ಷ ಕಳೆದಿದ್ದೆ.

ಸೆನ್ಸರ್ ಕಂಡದ್ದನ್ನೇ ಹೇಳುತ್ತಿತ್ತು; ನಾನು ಸಾಕ್ಷಿಯನ್ನೇ ಅಪರಾಧಿಯೆಂದು ಬಗೆದೆ. ನಿಜ ನುಡಿದ ಮನುಷ್ಯನಿಗೂ ಅದೇ ಅನ್ಯಾಯವೆಸಗಿದೆ.

ಚೈನಿನ ಬೆಲೆ ತೆತ್ತದ್ದು ಸುಲಭವಾಗಿತ್ತು. ಅದೇ ನೆರೆಹೊರೆಯವರ ಮನೆಮನೆಗೆ ಹೋಗಿ, ತಪ್ಪು ನನ್ನದೆಂದು ಹೇಳಿಬರುವುದು ಕಠಿಣವಾಯಿತು. ಅಷ್ಟರಲ್ಲಿ ಇಬ್ಬರು ಆತನ ಗ್ಯಾರೇಜಿಗೆ ಹೋಗುವುದನ್ನೇ ಬಿಟ್ಟಿದ್ದರು. ಸವೆದ ಚೈನಿಗೆ ಬದಲಿ ಚೈನು ದೊರೆಯುತ್ತದೆ. ಆಡಿದ ಮಾತಿಗೆ ದೊರೆಯದು.