‘ಮುಂದೆ’ ಮತ್ತು ‘ಮುನ್ನ’

ಇನ್ನೂ ಬಾರದ ಕಾಲವನ್ನು ಹೇಳಲು ಕನ್ನಡಿಗರ ನಾಲಗೆಗೆ ಮೊದಲು ಬರುವ ಮಾತು ‘ಮುಂದೆ’. ಸಂಸ್ಕೃತದಿಂದ ಬಂದ ‘ಭವಿಷ್ಯ’, ‘ಭಾವಿ’ಗಳು ಕಾಲವನ್ನಷ್ಟೇ ಸೂಚಿಸುತ್ತವೆ, ‘ಮುಂದೆ’ ಜಾಗಕ್ಕೂ ಸಲ್ಲುತ್ತದೆ, ಕಾಲಕ್ಕೂ ಸಲ್ಲುತ್ತದೆ. ಮನೆಯ ಮುಂದೆ ಅಂಗಳವಿದೆ. ಮಗಳು ಮುಂದೆ ಡಾಕ್ಟರಾಗುತ್ತಾಳೆ. ಎರಡನೆಯ ವಾಕ್ಯದಲ್ಲಿ ಕಾಲವೆಂಬುದು ನಡೆಯುವವರ ಎದುರಿಗೆ ಚಾಚಿಕೊಂಡ ದಾರಿ. ಬರಲಿರುವ ದಿನಗಳು ಕಣ್ಣೆದುರು, ಕಳೆದವು ಬೆನ್ನ ಹಿಂದೆ. ‘ಮುಂದಿನ ವಾರ’, ‘ಹಿಂದಿನ ವರ್ಷ’, ‘ಸಭೆ ಮುಂದೂಡು’ ಎನ್ನುವ ಬಳಕೆಗಳೆಲ್ಲ ಈ ನೋಟದವು. ‘ಮುಂದೆ ಗುರಿ, ಹಿಂದೆ ಗುರು’ ಎಂಬ ನಾಣ್ಣುಡಿಯೂ ಈ ದಾರಿಯಲ್ಲೇ ನಿಂತಿದೆ.

ಅದೇ ‘ಮುನ್’ ಬೇರಿನಿಂದ ಹೊಮ್ಮಿದ ‘ಮುನ್ನ’, ‘ಮುಂಚೆ’ಗಳು ಹೇಳುವುದು ಇದಕ್ಕೆ ವಿರುದ್ಧವಾದುದನ್ನು. ‘ಮಳೆಗೆ ಮುನ್ನ’ ಎಂದರೆ ಮಳೆ ಬರುವುದಕ್ಕಿಂತ ಮೊದಲು. ಇಲ್ಲಿ ನೋಡುವವರ ನಿಲುವಿಗೆ ಬೆಲೆಯಿಲ್ಲ. ಘಟನೆಗಳೇ ಒಂದರ ಹಿಂದೊಂದು ಸಾಲುಗಟ್ಟಿ ಬರುತ್ತವೆ, ಸಾಲಿನ ಮುಂದಿರುವುದು ಮೊದಲು ತಲುಪುತ್ತದೆ. ಇದಕ್ಕೆ ಒಳ್ಳೆಯ ಸಾಕ್ಷಿ ಬೇಸಾಯದ ಎರಡು ಮಾತುಗಳು. ‘ಮುನ್’ಗೆ ಮಳೆಗಾಲದ ಅರ್ಥದ ‘ಕಾರ್’ ಸೇರಿ, ಆದೇಶ ಸಂಧಿಯಲ್ಲಿ ಕಕಾರ ಗಕಾರವಾಗಿ, ‘ಮುಂಗಾರು’. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಈ ಮಳೆ ಮೊದಲಿನದು. ಅಕ್ಟೋಬರ್ ಹೊತ್ತಿಗೆ ಶುರುವಾಗುವ ‘ಹಿಂಗಾರು’ ಆಮೇಲಿನದು. ‘ಹಿಂದಿನ ತಿಂಗಳು’ ಕಳೆದುಹೋದದ್ದು, ಆದರೆ ಹಿಂಗಾರು ತಡವಾಗಿ ಬರುವಂಥದು. ತಮಿಳಿನ ‘ಮುನ್’, ತೆಲುಗಿನ ‘ಮುಂದು’ ಕೂಡ ಎದುರಿಗಿರುವುದನ್ನೂ ಮೊದಲಿನದನ್ನೂ ಹೇಳುವುದರಿಂದ, ಈ ಇಬ್ಬಗೆ ಕನ್ನಡವೊಂದರದೇ ಅಲ್ಲ.

ಎರಡೂ ಅರ್ಥಗಳು ಒಂದಾಗುವುದು ‘ಮುನ್ನೋಟ’, ‘ಮುನ್ನೆಚ್ಚರಿಕೆ’, ‘ಮುನ್ಸೂಚನೆ’, ‘ಮುಂದಾಲೋಚನೆ’ಗಳಂಥ ಸಮಾಸಗಳಲ್ಲಿ. ಇವುಗಳ ಗುರಿ ಬರಲಿರುವ ಕಾಲ, ಕೆಲಸ ಮಾತ್ರ ಅದು ಬರುವ ಮೊದಲಿನದು. ಭಾರತೀಯ ಹವಾಮಾನ ಇಲಾಖೆ ಏಪ್ರಿಲ್‌ನಲ್ಲಿ ಮುಂಗಾರಿನ ಮುನ್ಸೂಚನೆ ಕೊಡುತ್ತದೆ. ಮಳೆ ಮುಂದಿದೆ, ಸೂಚನೆ ಮುನ್ನವೇ ಬಂದಿದೆ. ರೈತರು ಬೀಜ ಆರಿಸಲು, ಹೊಲ ಹದಗೊಳಿಸಲು ಸಿಗುವುದು ಈ ನಡುವಿನ ಬಿಡುವೇ. ಮುನ್ನೆಚ್ಚರಿಕೆಯೂ ಹಾಗೆಯೇ: ಅಪಾಯ ಕಳೆದ ಮೇಲೆ ವಹಿಸಿದ್ದು ಎಚ್ಚರಿಕೆಯಾದೀತು, ಮುನ್ನೆಚ್ಚರಿಕೆ ಆಗದು.

‘ಭವಿಷ್ಯ’ಕ್ಕೂ ‘ಮುನ್ನೋಟ’ಕ್ಕೂ ಇರುವ ಅಂತರ ಇದರಿಂದ ತಿಳಿಯುತ್ತದೆ. ಭವಿಷ್ಯ ತಾನಾಗಿ ಬರುವ ಕಾಲ. ಯಾರೂ ಏನೂ ಮಾಡದಿದ್ದರೂ ಅದು ಬಂದೇ ಬರುತ್ತದೆ. ಮುನ್ನೋಟಕ್ಕೆ ನೋಡುವವರು ಬೇಕು, ಅದೂ ಹೊತ್ತು ಮೀರುವ ಮುನ್ನ. ಯೋಜನೆಯೊಂದನ್ನು ‘ಮುನ್ನೋಟವುಳ್ಳದ್ದು’ ಎಂದು ಕರೆಯಬೇಕಾದರೆ ಅದು ನಾಳೆಯ ಕುರಿತು ಮಾತಾಡಿದರೆ ಸಾಲದು. ನಾಳೆಗಾಗಿ ಇಂದೇ ಮಾಡಬೇಕಾದ ಕೆಲಸ ಅದರಲ್ಲಿರಬೇಕು.